ಸ್ಟ್ರಾಟ್ ಮಾದರಿಯ ಗಿಟಾರ್‌ಗೆ ಸಿಗುವ ವೈರಿಂಗ್ ಕಿಟ್: ಮಂಗಳೂರಿನ ಹವೆಯಲ್ಲಿ ಬಳಸಿ ನೋಡಿದ ಮೇಲೆ

ಎಲೆಕ್ಟ್ರಿಕ್ ಗಿಟಾರ್‌ನ ಒಳಗಿನ ವೈರಿಂಗನ್ನು ಪೂರ್ತಿ ಬದಲಿಸಲು ಬೇಕಾದ ಬಿಡಿಭಾಗಗಳನ್ನೆಲ್ಲ ಒಂದೇ ಪೊಟ್ಟಣದಲ್ಲಿ ಹಾಕಿ ಮಾರುವ ಕಿಟ್‌ಗಳು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ನಾನು ತರಿಸಿಕೊಂಡದ್ದು ಸ್ಟ್ರಾಟೋಕಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಮಾದರಿಯ, ಅಂದರೆ ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳಿರುವ (ಗಿಟಾರ್ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಒಂದೇ ಸುರುಳಿಯ ಭಾಗಗಳಿರುವ) ಗಿಟಾರ್‌ಗೆ ಹೊಂದುವ ಕಿಟ್. ಅದರಲ್ಲಿ ಮೂರು ಪಾಟ್‌ಗಳು (ವಾಲ್ಯೂಮ್ ಮತ್ತು ಟೋನ್ ಗುಬ್ಬಿಗಳ ಕೆಳಗೆ ಕೂರುವ, ತಿರುಗಿಸಿದಂತೆ ಪ್ರತಿರೋಧ ಬದಲಾಗುವ ಭಾಗಗಳು), ಪಿಕಪ್ ಆರಿಸುವ ಐದು ಸ್ಥಾನಗಳ ಒಂದು ಸ್ವಿಚ್, ಕೇಬಲ್ ಚುಚ್ಚುವ ಒಂದು ಜ್ಯಾಕ್, ಟೋನ್‌ಗಾಗಿ ಒಂದು ಕೆಪಾಸಿಟರ್, ಎರಡು ಬಣ್ಣದ ತಂತಿಯ ಸುರುಳಿ ಮತ್ತು ಒಂದು ಹಾಳೆಯ ಮೇಲೆ ಮುದ್ರಿಸಿದ ವೈರಿಂಗ್ ನಕ್ಷೆ ಇದ್ದವು. ಬೆಲೆ ಸಾವಿರ ರೂಪಾಯಿಯ ಒಳಗೇ ಇತ್ತು. ಇಂಥದೇ ಸಾಮಾನು ಹತ್ತಾರು ಬೇರೆ ಬೇರೆ ಲೇಬಲ್ ಹಚ್ಚಿಕೊಂಡು ಬರುವುದರಿಂದ ಮಾರಾಟಗಾರರ ಹೆಸರಿಗಿಂತ ಪೊಟ್ಟಣದೊಳಗಿನ ಒಂದೊಂದು ವಸ್ತುವಿನ ಗುಣವನ್ನು ತಿಳಿಸುವುದೇ ಓದುಗರಿಗೆ ಹೆಚ್ಚು ಉಪಯುಕ್ತವೆಂದು ಭಾವಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಈ ಕಿಟ್ ಬಿಡಿಭಾಗಗಳ ಪೆಟ್ಟಿಗೆಯಾಗಿ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಮಾರಾಟದ ವಿವರಣೆಯಲ್ಲಿ ಹೇಳುವಂತೆ ಹಳೆಯದನ್ನೆಲ್ಲ ಕಿತ್ತು ಹಾಕಿ ಇದನ್ನೇ ಪೂರ್ತಿ ಕೂರಿಸುವುದು ಹೆಚ್ಚಿನ ಗಿಟಾರ್‌ಗಳಿಗೆ ಅನಗತ್ಯ, ಕೆಲವಕ್ಕೆ ಹಾನಿಕರ. ಯಾವ ಭಾಗ ಕೆಟ್ಟಿದೆ ಎಂಬುದನ್ನು ಮಲ್ಟಿಮೀಟರ್ ಎಂಬ ವಿದ್ಯುತ್ ಅಳೆಯುವ ಸಾಧನದಿಂದ ಅಳೆದು ತಿಳಿದುಕೊಂಡ ಮೇಲೆ ಅಷ್ಟನ್ನೇ ಬದಲಿಸುವುದು ಸರಿಯಾದ ದಾರಿ.

ಕರಾವಳಿಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಮಂಗಳೂರು, ಉಡುಪಿಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿಯೂ ಗಾಳಿಯಲ್ಲಿ ತೇವವಿರುತ್ತದೆ, ಪಣಂಬೂರು ಅಥವಾ ಮಲ್ಪೆಯಂಥ ಕಡೆಗಳಲ್ಲಿ ಅದಕ್ಕೆ ಉಪ್ಪೂ ಸೇರಿರುತ್ತದೆ. ಸ್ವಿಚ್‌ನ ಹಿತ್ತಾಳೆಯ ಸಂಪರ್ಕಗಳಿಗೆ ಕಿಲುಬು ಹಿಡಿಯುತ್ತದೆ, ಹಿಂಬದಿಯ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಕಬ್ಬಿಣದ ತಟ್ಟೆಗೆ ತುಕ್ಕು ಬರುತ್ತದೆ, ಪಾಟ್‌ನ ಒಳಗಿನ ಇಂಗಾಲದ ಪಟ್ಟಿಯ ಮೇಲೆ ಕೊಳೆ ಕೂರುತ್ತದೆ. ಚರ್ಚಿನ ಗಾಯನವೃಂದದಲ್ಲಿ, ಕೊಂಕಣಿ ಸಂಗೀತದ ವೇದಿಕೆಗಳಲ್ಲಿ, ಮಣಿಪಾಲದ ವಿದ್ಯಾರ್ಥಿಗಳ ಬ್ಯಾಂಡ್‌ಗಳಲ್ಲಿ ಬಳಕೆಯಾಗುವ ಎಷ್ಟೋ ಗಿಟಾರ್‌ಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದಲ್ಲೇ ಉಳಿದು, ಹಬ್ಬದ ಋತು ಬಂದು ಹೊರತೆಗೆದಾಗ ಕರಕರ ಎನ್ನುತ್ತವೆ ಅಥವಾ ಒಂದು ಪಿಕಪ್‌ನಲ್ಲಿ ಸದ್ದೇ ಇಲ್ಲದಂತಾಗುತ್ತವೆ. ಆಗ ಕಿಟ್ ಕೊಳ್ಳುವ ಯೋಚನೆ ಬರುವುದು ಸಹಜ.

ಕಿಟ್‌ಗೆ ಮೊದಲು ಬೇಕಾದದ್ದು ಮಲ್ಟಿಮೀಟರ್. ಸಾಧಾರಣ ಡಿಜಿಟಲ್ ಮೀಟರೇ ಸಾಕು. ಪ್ರತಿರೋಧ ಅಳೆಯಲು 20 ಕಿಲೋ ಓಮ್‌ನ ಮತ್ತು 2 ಮೆಗಾ ಓಮ್‌ನ ಅಳತೆಗಳಿದ್ದು, ಸಂಪರ್ಕವಿದ್ದರೆ ಬೀಪ್ ಎನ್ನುವ ಸೌಲಭ್ಯವಿದ್ದರೆ ಗಿಟಾರ್‌ನ ಮಟ್ಟಿಗೆ ಇನ್ನೇನೂ ಬೇಕಿಲ್ಲ. ಮೊದಲು ಪರೀಕ್ಷಿಸಬೇಕಾದದ್ದು ಕೇಬಲನ್ನು. ಒಂದು ತುದಿಯ ಪ್ಲಗ್‌ನ ಮೊನೆಯಿಂದ ಇನ್ನೊಂದು ತುದಿಯ ಮೊನೆಗೆ, ಒಂದರ ಬುಡದಿಂದ ಇನ್ನೊಂದರ ಬುಡಕ್ಕೆ ಸಂಪರ್ಕವಿರಬೇಕು. ಮೊನೆಗೂ ಬುಡಕ್ಕೂ ನಡುವೆ ಇರಬಾರದು. ಅಳೆಯುವಾಗ ಪ್ಲಗ್‌ನ ಬಳಿ ಕೇಬಲನ್ನು ಬಳುಕಿಸಿ ನೋಡಬೇಕು, ಏಕೆಂದರೆ ತಂತಿ ಒಳಗೇ ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ.

ಕೇಬಲ್ ಸರಿಯಿದೆ ಎಂದು ಖಚಿತವಾದ ಮೇಲೆ ಅದರ ಒಂದು ತುದಿಯನ್ನು ಗಿಟಾರ್‌ಗೆ ಚುಚ್ಚಿ, ಇನ್ನೊಂದು ತುದಿಯ ಮೊನೆಗೆ ಮೀಟರಿನ ಕೆಂಪು ಕಡ್ಡಿಯನ್ನೂ ಬುಡಕ್ಕೆ ಕಪ್ಪು ಕಡ್ಡಿಯನ್ನೂ ಮುಟ್ಟಿಸಿದರೆ, ಒಂದು ಸ್ಕ್ರೂವನ್ನೂ ಬಿಚ್ಚದೆ ಗಿಟಾರ್‌ನ ಒಳಗಿನ ಸ್ಥಿತಿಯನ್ನು ಬಹುಮಟ್ಟಿಗೆ ಓದಿಬಿಡಬಹುದು. ವಾಲ್ಯೂಮ್ ಪೂರ್ತಿ ತೆರೆದಿರುವಾಗ ಸ್ಟ್ರಾಟ್ ಮಾದರಿಯ ಒಂದು ಪಿಕಪ್ ಸಾಮಾನ್ಯವಾಗಿ 5.5ರಿಂದ 6.5 ಕಿಲೋ ಓಮ್ ತೋರಿಸುತ್ತದೆ. 250 ಕಿಲೋ ಓಮ್‌ನ ವಾಲ್ಯೂಮ್ ಪಾಟ್ ಪಿಕಪ್‌ಗೆ ಸಮಾಂತರವಾಗಿ ಕೂತಿರುವುದರಿಂದ 6 ಕಿಲೋ ಓಮ್‌ನ ಪಿಕಪ್ ಮೀಟರಿನಲ್ಲಿ 5.9ಕ್ಕಿಂತ ತುಸು ಕಡಿಮೆಯಾಗಿ ಕಾಣುತ್ತದೆ, ಇದು ದೋಷವಲ್ಲ. ಸ್ವಿಚ್‌ನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಎರಡು ಪಿಕಪ್‌ಗಳು ಒಟ್ಟಿಗೆ ಸಮಾಂತರವಾಗಿ ಸೇರುವುದರಿಂದ ಅಳತೆ ಸುಮಾರು 3 ಕಿಲೋ ಓಮ್‌ಗೆ ಇಳಿಯಬೇಕು. ಅಲ್ಲಿಯೂ 6 ಕಿಲೋ ಓಮ್ ಬಂದರೆ ಎರಡರಲ್ಲಿ ಒಂದು ಪಿಕಪ್ ಸೇರಿಕೊಳ್ಳುತ್ತಿಲ್ಲವೆಂದು ಅರ್ಥ.

ತಪ್ಪು ಅಳತೆಗಳೂ ಇಷ್ಟೇ ಸ್ಪಷ್ಟವಾಗಿ ಮಾತಾಡುತ್ತವೆ. ಒಂದು ಸ್ಥಾನದಲ್ಲಿ ಸುಮಾರು 250 ಕಿಲೋ ಓಮ್ ಬಂದರೆ ಮೀಟರಿಗೆ ವಾಲ್ಯೂಮ್ ಪಾಟ್ ಮಾತ್ರ ಕಾಣುತ್ತಿದೆ. ಅಂದರೆ ಪಿಕಪ್‌ನ ತಂತಿ ಬಿಟ್ಟಿದೆ, ಅಥವಾ ಸ್ವಿಚ್ ಆ ಸ್ಥಾನದಲ್ಲಿ ಹಿಡಿಯುತ್ತಿಲ್ಲ, ಅಥವಾ ಪಿಕಪ್‌ನ ಸುರುಳಿಯೇ ತುಂಡಾಗಿದೆ. ಎಲ್ಲ ಸ್ಥಾನಗಳಲ್ಲಿಯೂ ಮೀಟರ್ ಏನನ್ನೂ ತೋರಿಸದಿದ್ದರೆ ತೊಂದರೆ ಜ್ಯಾಕ್‌ನಲ್ಲಿ ಅಥವಾ ಜ್ಯಾಕ್‌ಗೂ ವಾಲ್ಯೂಮ್ ಪಾಟ್‌ಗೂ ನಡುವಿನ ತಂತಿಯಲ್ಲಿದೆ. ವಾಲ್ಯೂಮ್ ಪೂರ್ತಿ ತೆರೆದಿದ್ದರೂ ಸೊನ್ನೆಯ ಹತ್ತಿರವೇ ನಿಂತರೆ ಎಲ್ಲೋ ಸಿಗ್ನಲ್ ತಂತಿ ಗ್ರೌಂಡ್‌ಗೆ, ಅಂದರೆ ಸರ್ಕ್ಯೂಟಿನ ಸೊನ್ನೆಯ ಬದಿಗೆ, ತಾಗಿದೆ. ಇನ್ನು ವಾಲ್ಯೂಮ್ ಗುಬ್ಬಿಯನ್ನು ಸೊನ್ನೆಯಿಂದ ಹತ್ತರವರೆಗೆ ನಿಧಾನವಾಗಿ ತಿರುಗಿಸುವಾಗ ಅಳತೆ ಸೊನ್ನೆಯಿಂದ ಏರಿ, 60 ಕಿಲೋ ಓಮ್‌ನ ಆಸುಪಾಸಿಗೆ ಹೋಗಿ, ಮತ್ತೆ ಇಳಿದು 6ಕ್ಕೆ ಬರುತ್ತದೆ. ಏರಿ ಇಳಿಯುವುದನ್ನು ಕಂಡು ಪಾಟ್ ಕೆಟ್ಟಿದೆಯೆಂದು ತಿಳಿಯಬಾರದು, ಸರ್ಕ್ಯೂಟಿನ ರಚನೆಯೇ ಹಾಗಿದೆ. ಆದರೆ ನಡುವೆ ಅಂಕಿಗಳು ಏಕಾಏಕಿ ಹಾರಿದರೆ ಅಥವಾ ಅಳತೆ ಕ್ಷಣಕಾಲ ತಪ್ಪಿಹೋದರೆ ಆ ಜಾಗದಲ್ಲಿ ಪಾಟ್‌ನ ಪಟ್ಟಿ ಕೊಳೆಯಾಗಿದೆ ಅಥವಾ ಸವೆದಿದೆ.

ಟೋನ್ ಸರ್ಕ್ಯೂಟನ್ನು ಮಾತ್ರ ಹೀಗೆ ಅಳೆಯಲಾಗದು. ಕೆಪಾಸಿಟರ್ ಏಕಮುಖ ವಿದ್ಯುತ್ತನ್ನು ತಡೆಯುವುದರಿಂದ ಮೀಟರಿಗೆ ಅದರಾಚೆ ಕಾಣುವುದಿಲ್ಲ. ಅದಕ್ಕೆ ಕಿವಿಯೇ ಸಾಧನ: ಟೋನ್ ಗುಬ್ಬಿಯನ್ನು ಸೊನ್ನೆಗೆ ತಂದಾಗ ಸ್ವರದ ಹೊಳಪು ಹೋಗಿ ಮಂದವಾಗಬೇಕು. ಬದಲಾವಣೆಯೇ ಇಲ್ಲದಿದ್ದರೆ ಕೆಪಾಸಿಟರ್‌ನ ಕಾಲು ಎಲ್ಲೋ ಬಿಟ್ಟಿದೆ. ಸದ್ದು ಪೂರ್ತಿ ನಿಂತರೆ ಕೆಪಾಸಿಟರ್ ಒಳಗೇ ಶಾರ್ಟ್ ಆಗಿದೆ. ಸ್ಟ್ರಾಟ್‌ನ ಮೂಲ ವಿನ್ಯಾಸದಲ್ಲಿ ಒಂದು ಟೋನ್ ಗುಬ್ಬಿ ನೆಕ್ (ಗಿಟಾರ್‌ನ ಕತ್ತಿನ ಬದಿಯ) ಪಿಕಪ್‌ಗೂ ಇನ್ನೊಂದು ನಡುವಿನ ಪಿಕಪ್‌ಗೂ ಸೇರಿದ್ದು, ಬ್ರಿಜ್ (ತಂತಿಗಳ ಬುಡದ ಬದಿಯ) ಪಿಕಪ್‌ಗೆ ಟೋನ್ ಹಿಡಿತವೇ ಇಲ್ಲ ಎಂಬುದನ್ನೂ ನೆನಪಿಡಬೇಕು. ಬ್ರಿಜ್‌ನಲ್ಲಿ ಟೋನ್ ಕೆಲಸ ಮಾಡುತ್ತಿಲ್ಲವೆಂದು ಗಿಟಾರ್ ಬಿಚ್ಚಲು ಹೊರಡುವವರು ನನ್ನ ಪರಿಚಯದಲ್ಲೇ ಇದ್ದಾರೆ.

ಗುಂಯ್‌ಗುಡುವ ಸದ್ದಿನದು ಬೇರೆ ಲೆಕ್ಕ. ಸಿಂಗಲ್ ಕಾಯಿಲ್ ಪಿಕಪ್ ತನ್ನ ಸ್ವಭಾವದಿಂದಲೇ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ಗುಡುವಿಕೆಯನ್ನು ಸ್ವಲ್ಪ ಹಿಡಿಯುತ್ತದೆ. ಯಾವ ಕಿಟ್ ಹಾಕಿದರೂ ಅದು ಪೂರ್ತಿ ಹೋಗದು. ಗಿಟಾರ್‌ನ ನುಡಿಸುವ ತಂತಿಗಳನ್ನು ಕೈಯಿಂದ ಮುಟ್ಟಿದಾಗ ಆ ಸದ್ದು ಕಡಿಮೆಯಾದರೆ ಗ್ರೌಂಡ್ ಸರಿಯಿದೆ. ಮುಟ್ಟಿದರೂ ಬಿಟ್ಟರೂ ಒಂದೇ ತೆರನಾದ ದೊಡ್ಡ ಸದ್ದಿದ್ದರೆ ಹಿಂಬದಿಯ ಸ್ಪ್ರಿಂಗ್ ತಟ್ಟೆಗೆ ಬೆಸೆದ ಗ್ರೌಂಡ್ ತಂತಿ ಬಿಟ್ಟಿರುವ ಸಾಧ್ಯತೆ ಹೆಚ್ಚು. ನಮ್ಮ ಕಡೆಯ ತುಕ್ಕಿಗೆ ಮೊದಲು ಬಲಿಯಾಗುವ ಬೆಸುಗೆ ಅದೇ. ಮುಟ್ಟಿದಾಗ ಸದ್ದು ಹೆಚ್ಚಾದರೆ ಜ್ಯಾಕ್‌ನಲ್ಲಿ ಎರಡು ತಂತಿಗಳು ಅದಲುಬದಲಾಗಿವೆ.

ನನ್ನ ಗಿಟಾರ್‌ನಲ್ಲಿ ಅಳತೆ ಹೇಳಿದ್ದು ಇಷ್ಟು: ಮೂರೂ ಪಿಕಪ್‌ಗಳು ಆರೋಗ್ಯವಾಗಿವೆ, ವಾಲ್ಯೂಮ್ ಪಾಟ್ ನಡುವಿನಲ್ಲಿ ಸವೆದಿದೆ, ಸ್ವಿಚ್‌ನ ನಾಲ್ಕನೆಯ ಸ್ಥಾನ ಒಮ್ಮೆ ಹಿಡಿದರೆ ಒಮ್ಮೆ ಹಿಡಿಯುವುದಿಲ್ಲ, ಜ್ಯಾಕ್‌ನ ನಟ್ ಸಡಿಲವಾಗಿ ಒಳಗಿನ ತಂತಿ ತಿರುಚಿಕೊಂಡಿದೆ. ಈ ಮೂರು ಕೆಲಸಗಳಿಗೆ ಕಿಟ್‌ನ ಭಾಗಗಳು ಎಷ್ಟರಮಟ್ಟಿಗೆ ಒದಗಿದವು ಎಂಬುದನ್ನು ಈಗ ನೋಡೋಣ.

ಪಾಟ್‌ಗಳ ವಿಷಯದಲ್ಲಿ ಕಿಟ್‌ನ ಗುಣವೂ ದೋಷವೂ ಒಟ್ಟಿಗೆ ಕಾಣಿಸಿದವು. ಮೂರೂ 250 ಕಿಲೋ ಓಮ್‌ನವು ಎಂದು ಬರೆದಿತ್ತು; ಅಳೆದಾಗ ಮೂರೂ ಶೇಕಡಾ 20ರ ಏರುಪೇರಿನೊಳಗೆ, ಅಂದರೆ 200ರಿಂದ 300ರ ಮಿತಿಯಲ್ಲಿ ಇದ್ದವು. ಗಿಟಾರ್ ಪಾಟ್‌ಗಳಲ್ಲಿ ಇಷ್ಟು ವ್ಯತ್ಯಾಸ ಸಾಮಾನ್ಯ. ಆದರೆ ಎರಡರ ಬೆನ್ನಿನ ಮೇಲೆ ಎ ಅಕ್ಷರವೂ ಒಂದರ ಮೇಲೆ ಬಿ ಅಕ್ಷರವೂ ಇತ್ತು. ಎ ಎಂದರೆ ಕಿವಿಯ ಗ್ರಹಿಕೆಗೆ ಹೊಂದುವಂತೆ ಏರುವ ಲಾಗ್ ಪಾಟ್, ಬಿ ಎಂದರೆ ಸಮನಾಗಿ ಏರುವ ಲೀನಿಯರ್ ಪಾಟ್. ಗುಬ್ಬಿಯನ್ನು ಸರಿಯಾಗಿ ನಡುವಿಗೆ ತಂದು ಅಳೆದರೆ ಲೀನಿಯರ್ ಪಾಟ್ ಒಟ್ಟು ಮೌಲ್ಯದ ಅರ್ಧವನ್ನು ತೋರಿಸುತ್ತದೆ, ಲಾಗ್ ಪಾಟ್ ಅದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಮುದ್ರಿತ ಅಕ್ಷರವನ್ನು ನಂಬದೆ ಹೀಗೆ ಅಳೆದು ನೋಡುವುದು ಒಳ್ಳೆಯದು. ಕಿಟ್‌ನ ನಕ್ಷೆ ಆ ಬಿ ಪಾಟನ್ನು ವಾಲ್ಯೂಮ್‌ಗೆ ಹಾಕಲು ಸೂಚಿಸುತ್ತಿತ್ತು. ಹಾಗೆ ಹಾಕಿದರೆ ಹತ್ತರಿಂದ ಮೂರರವರೆಗೆ ಗುಬ್ಬಿ ತಿರುಗಿಸಿದರೂ ಸದ್ದು ಹೆಚ್ಚು ಇಳಿದಂತೆ ಕೇಳಿಸುವುದಿಲ್ಲ, ಕೊನೆಯ ಸ್ವಲ್ಪ ಅಂತರದಲ್ಲಿ ಮಾತ್ರ ಥಟ್ಟನೆ ಕುಸಿಯುತ್ತದೆ. ಗಾಯಕರ ದನಿಗೆ ತಕ್ಕಂತೆ ವಾಲ್ಯೂಮನ್ನು ನಯವಾಗಿ ಇಳಿಸಬೇಕಾದ ಕಾರ್ಯಕ್ರಮಗಳಲ್ಲಿ ಇದು ದೊಡ್ಡ ಅಡಚಣೆ. ಆದ್ದರಿಂದ ನಾನು ನಕ್ಷೆಯನ್ನು ಬಿಟ್ಟು ಎ ಪಾಟನ್ನೇ ವಾಲ್ಯೂಮ್‌ಗೆ ಹಾಕಿದೆ, ಅದರ ತಿರುಗುವಿಕೆ ಮೃದುವಾಗಿದೆ.

ಅಳತೆಯ ಹೊಂದಾಣಿಕೆಯ ಬಗ್ಗೆ ಕಿಟ್‌ನ ವಿವರಣೆಯಲ್ಲಿ ಒಂದು ಮಾತೂ ಇರಲಿಲ್ಲ, ಅದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಅಮೆರಿಕದಲ್ಲಿ ತಯಾರಾಗುವ ಗಿಟಾರ್‌ಗಳಲ್ಲಿ ಇಂಚಿನ ಅಳತೆಯ ಪಾಟ್‌ಗಳಿರುತ್ತವೆ. ಅವುಗಳ ಕತ್ತು ಇಂಚಿನ ಎಂಟರಲ್ಲಿ ಮೂರು ಭಾಗ, ಅಂದರೆ ಸುಮಾರು 9.5 ಮಿಲಿಮೀಟರ್ ದಪ್ಪವಿದ್ದು, ಸೀಳಿದ ದಂಡದ ಸುತ್ತ 24 ಹಲ್ಲುಗಳಿರುತ್ತವೆ. ಏಷ್ಯಾದಲ್ಲಿ ತಯಾರಾದ, ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಗಿಟಾರ್‌ಗಳಲ್ಲಿ ಬಹುಪಾಲು ಮಿಲಿಮೀಟರ್ ಅಳತೆಯ ಚಿಕ್ಕ ಪಾಟ್‌ಗಳಿದ್ದು, ದಂಡದಲ್ಲಿ 18 ಹಲ್ಲುಗಳಿರುತ್ತವೆ. ಒಂದರ ಗುಬ್ಬಿ ಇನ್ನೊಂದರ ದಂಡಕ್ಕೆ ಕೂರುವುದಿಲ್ಲ. ಬಲವಂತ ಮಾಡಿದರೆ ಪ್ಲಾಸ್ಟಿಕ್ ಗುಬ್ಬಿ ಸೀಳಿಹೋಗುತ್ತದೆ. ದೊಡ್ಡ ಪಾಟ್ ಹಾಕಲು ಪಿಕ್‌ಗಾರ್ಡ್‌ನ (ಗಿಟಾರ್‌ನ ಮುಂಬದಿಯ ಹೊದಿಕೆಯ ಹಲಗೆಯ) ತೂತನ್ನು ಕೊರೆದು ಹಿಗ್ಗಿಸಬೇಕಾದೀತು, ಕೆಲವು ಗಿಟಾರ್‌ಗಳಲ್ಲಿ ಮರದ ಕುಳಿಯೇ ಸಾಲದು. ಅದೃಷ್ಟವಶಾತ್ ಈ ಕಿಟ್‌ನವು ಚಿಕ್ಕ ಪಾಟ್‌ಗಳು, ನನ್ನ ಗಿಟಾರ್‌ನಲ್ಲಿದ್ದವೂ ಅಂಥವೇ. ಓದುಗರು ಕೊಳ್ಳುವ ಮೊದಲು ಒಂದು ಗುಬ್ಬಿಯನ್ನು ಎಳೆದು ಹಲ್ಲುಗಳನ್ನು ಎಣಿಸಿಕೊಳ್ಳುವುದು ಒಳಿತು.

ಸ್ವಿಚ್ ನನಗೆ ಸಮಾಧಾನ ಕೊಡಲಿಲ್ಲ. ಇದು ಪೆಟ್ಟಿಗೆಯಾಕಾರದ, ಎಂಟು ಕಾಲುಗಳೂ ಒಂದೇ ಸಾಲಿನಲ್ಲಿರುವ ನಮೂನೆ. ಹಳೆಯ ತೆರೆದ ನಮೂನೆಯ ಸ್ವಿಚ್‌ನಲ್ಲಿ ಎರಡು ಬದಿಗಳಲ್ಲಿ ನಾಲ್ಕು ನಾಲ್ಕು ಕಾಲುಗಳಿರುತ್ತವೆ. ಕಿಟ್‌ನ ಜೊತೆ ಬಂದ ನಕ್ಷೆ ತೆರೆದ ನಮೂನೆಯದು! ಸ್ವಿಚ್ ಒಂದು ಬಗೆಯದು, ನಕ್ಷೆ ಇನ್ನೊಂದು ಬಗೆಯದಾದರೆ ಹೊಸದಾಗಿ ಬೆಸುಗೆ ಹಿಡಿದವರು ಎಲ್ಲಿಗೆ ಹೋಗಬೇಕು? ಇಂಥ ಸಂದರ್ಭದಲ್ಲಿ ಮೀಟರನ್ನು ಬೀಪ್‌ಗೆ ಇಟ್ಟು, ಸ್ವಿಚ್‌ನ ಹಿಡಿಯನ್ನು ಒಂದೊಂದು ಸ್ಥಾನಕ್ಕೆ ತಳ್ಳುತ್ತ, ಯಾವ ಕಾಲು ಯಾವುದರೊಡನೆ ಸೇರುತ್ತದೆ ಎಂದು ಕಾಗದದ ಮೇಲೆ ಬರೆದುಕೊಂಡರೆ ನಕ್ಷೆಯ ಹಂಗಿಲ್ಲದೆ ಕೆಲಸ ಮುಗಿಯುತ್ತದೆ. ಎಲ್ಲ ಸ್ಥಾನಗಳಲ್ಲಿ ಸೇರಿಕೊಂಡೇ ಇರುವ ಕಾಲು ಹೊರಹೋಗುವ ದಾರಿ, ಉಳಿದ ಮೂರು ಪಿಕಪ್‌ಗಳವು. ಹೀಗೆ ಎರಡು ಗುಂಪುಗಳು. ಆದರೆ ಹಿಡಿ ಸ್ವಲ್ಪ ಅಲುಗಾಡುತ್ತದೆ, ಸ್ಥಾನ ಬದಲಾದಾಗ ಕೇಳಿಸಬೇಕಾದ ಗಟ್ಟಿಯಾದ ಟಕ್ ಎಂಬ ಹಿಡಿತವಿಲ್ಲ. ನಾನು ಹಳೆಯ ಸ್ವಿಚ್‌ಗೇ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಿಡಿಯನ್ನು ಹತ್ತಾರು ಬಾರಿ ಹಿಂದೆ ಮುಂದೆ ಆಡಿಸಿದೆ. ನಾಲ್ಕನೆಯ ಸ್ಥಾನ ಸರಿಹೋಯಿತು, ಮೀಟರಿನಲ್ಲಿ 3 ಕಿಲೋ ಓಮ್ ಗಟ್ಟಿಯಾಗಿ ನಿಂತಿತು. ಹೊಸ ಸ್ವಿಚ್ ಪೊಟ್ಟಣದಲ್ಲೇ ಉಳಿಯಿತು. ಬಾಗಿಲಿನ ತಿರುಗಣಿಗೆ ಹಾಕುವ ತುಕ್ಕು ಬಿಡಿಸುವ ಎಣ್ಣೆಯನ್ನು ಇಲ್ಲಿ ಬಳಸಬಾರದು; ಅದು ಜಿಡ್ಡನ್ನು ಉಳಿಸಿ ಮತ್ತಷ್ಟು ಧೂಳನ್ನು ಹಿಡಿದಿಡುತ್ತದೆ.

ಜ್ಯಾಕ್ ಕಿಟ್‌ನಲ್ಲಿನ ಅತ್ಯಂತ ದುರ್ಬಲ ವಸ್ತು. ಪ್ಲಗ್‌ನ ಮೊನೆಯನ್ನು ಒತ್ತಿ ಹಿಡಿಯಬೇಕಾದ ಎಲೆ ತೆಳುವಾಗಿದ್ದು, ಬೆರಳಿನಿಂದ ಬಾಗಿಸಿದರೆ ಪೂರ್ತಿ ಹಿಂದಿರುಗುವುದಿಲ್ಲ. ಗಿಟಾರ್‌ನಲ್ಲಿ ಅತಿ ಹೆಚ್ಚು ಎಳೆದಾಟಕ್ಕೆ ಸಿಕ್ಕುವ ಭಾಗ ಇದಾದ್ದರಿಂದ ಇಲ್ಲಿ ಉಳಿತಾಯ ಮಾಡುವುದು ಸಲ್ಲದು. ಸ್ವಿಚ್‌ಕ್ರಾಫ್ಟ್‌ನಂಥ ಹೆಸರಾಂತ ತಯಾರಕರ ಜ್ಯಾಕ್ ಪ್ರತ್ಯೇಕವಾಗಿ ಕೊಂಡು ಹಾಕಿದೆ. ಅದರ ಎಲೆಯ ಬಿಗಿ ಕೈಗೇ ತಿಳಿಯುತ್ತದೆ. ನಟ್ ಬಿಗಿಯುವಾಗ ಜ್ಯಾಕ್‌ನ ದೇಹವನ್ನು ಒಳಗಿನಿಂದ ಹಿಡಿದುಕೊಳ್ಳಬೇಕು, ಇಲ್ಲವಾದರೆ ಅದೂ ತಿರುಗಿ ತಂತಿಯನ್ನು ಮತ್ತೆ ತಿರುಚುತ್ತದೆ.

ಕೆಪಾಸಿಟರ್ ಮೇಲೆ 473 ಎಂದಿತ್ತು, ಅಂದರೆ 0.047 ಮೈಕ್ರೋ ಫ್ಯಾರಡ್. 223 ಎಂದಿದ್ದರೆ 0.022. ಮೊದಲನೆಯದು ಟೋನ್ ಇಳಿಸಿದಾಗ ಹೆಚ್ಚು ಮಂದಗೊಳಿಸುತ್ತದೆ, ಎರಡನೆಯದು ಕಡಿಮೆ. ದುಬಾರಿ ಕೆಪಾಸಿಟರ್‌ಗಳ ಬಗ್ಗೆ ಹೇಳುವ ದೊಡ್ಡ ಮಾತುಗಳನ್ನು ನಾನು ಒಪ್ಪುವುದಿಲ್ಲ. ಮೌಲ್ಯ ಒಂದೇ ಆದರೆ ಕೆಲವೇ ರೂಪಾಯಿಯ ಫಿಲ್ಮ್ ಕೆಪಾಸಿಟರ್ ಸಾಕು. ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದಾಗ ಕೆಪಾಸಿಟರ್, ತಂತಿ, ಬೆಸುಗೆಯ ಲೆಡ್ (ಸೋಲ್ಡರ್) ಎಲ್ಲ ಸಿಕ್ಕಿದವು. 250 ಕಿಲೋ ಓಮ್‌ನ ಲಾಗ್ ಪಾಟ್ ಮಾತ್ರ ಸಿಗಲಿಲ್ಲ. ಅವರಲ್ಲಿ ಇದ್ದದ್ದು 220 ಮತ್ತು 470ರ ಲೀನಿಯರ್ ಪಾಟ್‌ಗಳು. ಕಿಟ್‌ನಿಂದ ನನಗಾದ ನಿಜವಾದ ಪ್ರಯೋಜನ ಆ ಎರಡು ಎ ಪಾಟ್‌ಗಳೇ.

ಕಿಟ್‌ನ ತಂತಿ ಪ್ಲಾಸ್ಟಿಕ್ ಹೊದಿಕೆಯದು. ಬೆಸುಗೆಯ ಐರನ್ ಸ್ವಲ್ಪ ಹೆಚ್ಚು ಹೊತ್ತು ತಾಗಿದರೆ ಹೊದಿಕೆ ಕರಗಿ ಹಿಂದೆ ಸರಿಯುತ್ತದೆ. ಅದಕ್ಕೇ ಬೆಸುಗೆಯ ವೇಗ ಮುಖ್ಯ. 60 ಭಾಗ ತವರ, 40 ಭಾಗ ಸೀಸವಿರುವ, ಒಳಗೆ ರಾಳ ತುಂಬಿದ ಲೆಡ್ 190 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕರಗುತ್ತದೆ. ಸ್ವಿಚ್‌ನ ಕಾಲು, ಜ್ಯಾಕ್‌ನ ಕಾಲುಗಳಿಗೆ 25 ವಾಟ್‌ನ ಸಾಮಾನ್ಯ ಐರನ್ ಸಾಕು. ಆದರೆ ಪಾಟ್‌ನ ಬೆನ್ನಿಗೆ ಗ್ರೌಂಡ್ ತಂತಿಗಳನ್ನು ಬೆಸೆಯುವಾಗ ಆ ಲೋಹದ ಮುಚ್ಚಳ ಬಿಸಿಯನ್ನೆಲ್ಲ ಹೀರಿಕೊಂಡು ಐರನ್‌ನ ಮೊನೆಯನ್ನು ತಣ್ಣಗಾಗಿಸುತ್ತದೆ. ಅಲ್ಲಿಗೆ 40ರಿಂದ 60 ವಾಟ್‌ನ ಐರನ್ ಮತ್ತು ಉಳಿಯಂತೆ ಅಗಲವಾದ ಮೊನೆ ಬೇಕು. ಬೆನ್ನನ್ನು ಮೊದಲು ಮರಳು ಕಾಗದದಿಂದ ಉಜ್ಜಿ, ಲೋಹವನ್ನೂ ತಂತಿಯನ್ನೂ ಒಟ್ಟಿಗೆ ಬಿಸಿ ಮಾಡಿ, ಲೆಡ್ ತಾನಾಗಿ ಹರಡುವಂತಾದಾಗ ಐರನ್ ತೆಗೆದು, ತಂತಿ ಅಲುಗದಂತೆ ಹಿಡಿದುಕೊಳ್ಳಬೇಕು. ಒಳ್ಳೆಯ ಬೆಸುಗೆ ಹೊಳೆಯುತ್ತದೆ. ಮಂಕಾಗಿ ಉಂಡೆಗಟ್ಟಿದ್ದರೆ ಅದು ಹಿಡಿದಿಲ್ಲ, ಬರುವ ಮಳೆಗಾಲಕ್ಕೆ ಖಂಡಿತ ಬಿಡುತ್ತದೆ. ತಗಡಿನ ಕೆಲಸಕ್ಕೆ ಬಳಸುವ ಆಮ್ಲದ ಫ್ಲಕ್ಸನ್ನು ಗಿಟಾರ್‌ನ ಹತ್ತಿರವೂ ತರಬಾರದು, ನಮ್ಮ ತೇವದಲ್ಲಿ ಅದು ತಾಮ್ರವನ್ನೇ ತಿನ್ನುತ್ತದೆ. ಮಳೆಯೆಂದು ಕಿಟಕಿ ಮುಚ್ಚಿಕೊಂಡು ಬೆಸೆಯಬಾರದು, ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬಾರದು.

ಕೆಲಸ ಮುಗಿದ ಮೇಲೆ ಪಿಕ್‌ಗಾರ್ಡ್ ಮುಚ್ಚುವ ಮೊದಲೇ ಮತ್ತೆ ಕೇಬಲ್‌ನ ತುದಿಯಿಂದ ಐದೂ ಸ್ಥಾನಗಳನ್ನು ಅಳೆದೆ. ಅನಂತರ ಆಂಪ್ಲಿಫೈಯರ್‌ಗೆ ಕಡಿಮೆ ಸದ್ದಿನಲ್ಲಿ ಜೋಡಿಸಿ, ಸ್ಕ್ರೂಡ್ರೈವರ್‌ನ ತುದಿಯಿಂದ ಒಂದೊಂದು ಪಿಕಪ್‌ನ ಲೋಹದ ಗುಂಡಿಯನ್ನು ಮೆಲ್ಲಗೆ ತಟ್ಟಿ, ಯಾವ ಸ್ಥಾನದಲ್ಲಿ ಯಾವುದು ಮಾತಾಡುತ್ತದೆ ಎಂದು ಖಚಿತಪಡಿಸಿಕೊಂಡೆ. ವಾಲ್ಯೂಮ್ ಈಗ ಸದ್ದಿಲ್ಲದೆ ತಿರುಗುತ್ತದೆ, ಕರಕರ ನಿಂತಿದೆ.

ಸುರಕ್ಷತೆಯ ಕುರಿತು ಕಿಟ್‌ನ ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ. ಬ್ಯಾಟರಿಯಿಲ್ಲದ ಇಂಥ ಗಿಟಾರ್‌ನಲ್ಲಿ ಸ್ವಂತ ವಿದ್ಯುತ್ ಇಲ್ಲ, ಕೇಬಲ್ ತೆಗೆದಿದ್ದರೆ ಬೆಸೆಯುವಾಗ ಶಾಕ್ ತಗಲುವ ಭಯವಿಲ್ಲ. ಆದರೆ ನುಡಿಸುವಾಗ ಬೆರಳು ತಾಗುವ ತಂತಿಗಳು ಆಂಪ್ಲಿಫೈಯರ್‌ನ ಅರ್ತ್‌ಗೆ ಸೇರಿರುತ್ತವೆ. ಮೈಕ್‌ಗೆ ತುಟಿ ತಾಗಿದಾಗ ಜುಮ್ಮೆಂದರೆ ಅದು ಗಿಟಾರ್‌ನ ವೈರಿಂಗ್ ದೋಷವಲ್ಲ. ಆಂಪ್ಲಿಫೈಯರ್‌ಗೂ ಮೈಕ್ ಸೇರಿದ ಸೌಂಡ್ ಸಿಸ್ಟಮ್‌ಗೂ ಅರ್ತ್ ಒಂದೇ ಆಗಿಲ್ಲ, ಅಥವಾ ಒಂದಕ್ಕೆ ಅರ್ತ್ ಇಲ್ಲವೇ ಇಲ್ಲ. ಜನರೇಟರ್‌ನಿಂದ ನಡೆಯುವ ಹೊರಾಂಗಣ ವೇದಿಕೆಗಳಲ್ಲಿ, ಎರಡೇ ತೂತುಗಳ ಸಾಕೆಟ್ ಇರುವ ಹಳೆಯ ಮನೆಗಳಲ್ಲಿ ಈ ಅಪಾಯ ನಿಜವಾದದ್ದು. ಗುಂಯ್ಗುಡುವುದನ್ನು ನಿಲ್ಲಿಸಲೆಂದು ಆಂಪ್ಲಿಫೈಯರ್‌ನ ಪ್ಲಗ್‌ನ ಮೂರನೆಯ ಕಡ್ಡಿಯನ್ನು ಯಾರೂ ಯಾವ ಕಾರಣಕ್ಕೂ ತೆಗೆಯಬಾರದು. ಸಾಕೆಟ್‌ನ ಅರ್ತನ್ನು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿಕೊಳ್ಳಬೇಕು.

ಪೊಟ್ಟಣದಲ್ಲಿ ಬಿ ಪಾಟ್ ಇರುವುದನ್ನು ಮಾರಾಟಗಾರರಿಗೆ ಬರೆದು ತಿಳಿಸಿದೆ. ಅವರು ವಾದ ಮಾಡದೆ ಎ ಪಾಟ್ ಒಂದನ್ನು ಕಳುಹಿಸಿಕೊಟ್ಟರು, ನಕ್ಷೆಯ ವಿಷಯಕ್ಕೆ ಮಾತ್ರ ಉತ್ತರ ಬರಲಿಲ್ಲ. ಐದರಲ್ಲಿ ಮೂರು ಅಂಕ ಕೊಡುತ್ತೇನೆ: ಪಾಟ್‌ಗಳಿಗಾಗಿ ಮತ್ತು ಮಾರಾಟಗಾರರ ಸೌಜನ್ಯಕ್ಕಾಗಿ. ಸ್ವಿಚ್‌ಗೆ ತಕ್ಕ ನಕ್ಷೆಯನ್ನೂ ಪಾಟ್‌ನ ದಂಡದ ಅಳತೆಯನ್ನೂ ಪೊಟ್ಟಣದ ಮೇಲೆ ಮುದ್ರಿಸಿದರೆ ಇನ್ನೊಂದು ಅಂಕ ಕೊಡಲು ಹಿಂಜರಿಯುವುದಿಲ್ಲ. ಜ್ಯಾಕ್ ಬದಲಾಗುವವರೆಗೆ ಐದನೆಯದು ಇಲ್ಲ.